ಲೈಟು ಕಟ್ಟೋನ ಮನೆ

ನಮ್ಮಪ್ಪ ಊರೂರಿಗೆ ದೀಪ ಕಟ್ಟಿದವನು. ತಾಲೂಕು ಪೇಟೆಯ ಒಂದು ಶಾಮಿಯಾನದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ದಿನಗೂಲಿಗೆ ದುಡಿದ. ಮದುವೆ, ಗೃಹಪ್ರವೇಶ, ತೇರು, ಕೊಂಡ, ಗಣಪತಿ ಪೆಂಡಾಲು, ಮಂತ್ರಿ ಬರುವ ದಿನದ ಕಮಾನು, ಎಲ್ಲಕ್ಕೂ ಅವನೇ. ಸುತ್ತಲ ನಲವತ್ತು ಹಳ್ಳಿಯಲ್ಲಿ ಯಾವ ಮನೆಯ ಮಾಳಿಗೆ ಗಟ್ಟಿ, ಯಾವ ಮನೆಯ ಹೆಂಚು ಕಾಲಿಟ್ಟರೆ ಒಡೆಯುತ್ತದೆ ಅನ್ನೋದು ಅವನಿಗೆ ಬಾಯಿಪಾಠ. ಆ ಮನೆಗಳ ಮೇಲಕ್ಕೆ ಹತ್ತಿದ್ದಾನೆ. ಒಳಕ್ಕೆ ಹೋಗಿಲ್ಲ.

ಅಪ್ಪನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿದೆ. ವೈರು ಸುಲಿದೂ ಸುಲಿದೂ ಬಿದ್ದದ್ದು. ಅಂಗಡಿಯಲ್ಲಿ ಒಂದು ಕಟಿಂಗ್ ಪ್ಲೇಯರ್ ಇತ್ತು, ಅದು ಸಾಹುಕಾರರ ಟೇಬಲ್ಲಿನ ಡ್ರಾಯರಿನಲ್ಲಿ ಇರುತ್ತಿತ್ತು. ಆಳುಗಳಿಗೆ ಹಲ್ಲು ಇತ್ತಲ್ಲ! ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಒಂದು ಮಳೆಗಾಲದ ರಾತ್ರಿ ಕಲ್ಯಾಣ ಮಂಟಪವೊಂದರ ಕಮಾನಿನ ಮೇಲೆ ಕರೆಂಟು ಹೊಡೆದು, ಆರಡಿ ಕೆಳಗೆ ಬಿದ್ದು, ಮರಳಿನ ಗುಡ್ಡೆ ಇದ್ದದ್ದರಿಂದ ಉಳಿದ. ಮಾರನೆಯ ದಿನದ ಕೂಲಿ ಹಿಡಿದರು. ಬರಲಿಲ್ಲವಲ್ಲ, ಅದಕ್ಕೆ.

ದೀಪ ಹಿಡಿಯುವುದು ನಮ್ಮ ಜಾತಿಯ ಕಸುಬೇನೂ ಅಲ್ಲ. ನಮ್ಮ ಸೀಮೆಯಲ್ಲಿ ದೇವರ ಮುಂದೆ ಪಂಜು ಹಿಡಿಯುವುದು ಮಡಿವಾಳರ ಪಾಲು, ತಮಟೆ ಬಡಿಯುವುದು ನಮ್ಮ ಪಾಲು. ಆದರೆ ಗ್ಯಾಸ್‌ಲೈಟು ಬಂದಾಗ, ಅದೇ ಪೆಟ್ರೊಮ್ಯಾಕ್ಸು, ಅದನ್ನು ತಲೆ ಮೇಲೆ ಹೊತ್ತು ಮದುವೆ ಮೆರವಣಿಗೆಯ ಎರಡೂ ಪಕ್ಕ ನಡೆಯೋಕೆ ಜನ ಬೇಕಾಯಿತು. ನಮ್ಮ ತಾತ ಹೊತ್ತ. ಬಿಸಿ ತಲೆಗೆ ಇಳಿಯದಿರಲಿ ಅಂತ ಗೋಣಿತಾಟಿನ ಸಿಂಬಿ. ಗಂಡಿನ ಮುಖ ಎಲ್ಲರಿಗೂ ಕಾಣಬೇಕು. ಹೊತ್ತವನ ಮುಖ ಲೈಟಿನ ಬುಡದ ಕತ್ತಲಲ್ಲಿ. ಹೊಸ ಕೆಲಸ ಹುಟ್ಟಿದಾಗಲೂ ಅದರ ಭಾರ ಯಾರ ತಲೆಗೆ ಅನ್ನೋದನ್ನ ಊರು ಮೊದಲೇ ತೀರ್ಮಾನ ಮಾಡಿ ಇಟ್ಟಿರುತ್ತದೆ.

ಗೋಪುರದ ವಿಷಯ ಹೇಳಿಬಿಡುತ್ತೇನೆ. ಪಕ್ಕದ ಊರಿನ ದೇವಸ್ಥಾನದ ಗೋಪುರಕ್ಕೆ ವರ್ಷಾವರ್ಷ ಸೀರಿಯಲ್ ಸೆಟ್ ಇಳಿಬಿಡುತ್ತಿದ್ದವನು ನಮ್ಮಪ್ಪ. ಕಳಸದ ಕುತ್ತಿಗೆಗೆ ಹಗ್ಗ ಬಿಗಿದು, ಗಾರೆ ಗೊಂಬೆಗಳ ಭುಜದ ಮೇಲೆ ಕಾಲಿಟ್ಟು, ಒಂದೊಂದೇ ಸರ ಕೆಳಕ್ಕೆ ಬಿಡಬೇಕು. ಕೆಳಗೆ ಪೂಜಾರಿಗಳು ನಿಂತುಕೊಂಡು 'ಎಡಕ್ಕೆ ಎಳಿ, ಬಲಕ್ಕೆ ಎಳಿ' ಅಂತ ಹೇಳುವರು. ಕಳಸ ಮುಟ್ಟಿದ ಕೈ ಅದು. ಸಂಜೆ ಸ್ವಿಚ್ಚು ಹಾಕಿದ ಮೇಲೆ ಅಪ್ಪ ಹೊರಗಡೆ ಟೆಂಪೋದ ಹತ್ತಿರ ಬಂದು ನಿಲ್ಲಬೇಕು. ಪ್ರಸಾದ ಎಲೆಯಲ್ಲಿ ಅಲ್ಲಿಗೇ ಬರುತ್ತಿತ್ತು, ಮೇಲಿಂದ ಹಾಕುವರು. 'ಮೈಲಿಗೆ ಏಣಿ ಹತ್ತಲ್ವಾ ಅಪ್ಪ?' ಅಂತ ಹೈಸ್ಕೂಲಿನಲ್ಲಿದ್ದಾಗ ಕೇಳಿದ್ದೆ. 'ಕರೆಂಟು ಇರೋ ಜಾಗಕ್ಕೆ ಮೈಲಿಗೆ ಬರಾಕಿಲ್ಲ ಕಣ್ಲಾ, ಅದ್ಕೂ ಜೀವದ ಭಯ' ಅಂದ. ಇಂಥಾ ಒಂದು ಸಾಲು ನನ್ನ ಕವಿತೆಯಲ್ಲಿ ಇನ್ನೂ ಬಂದಿಲ್ಲ.

ಸೀರಿಯಲ್ ಸೆಟ್ಟು ಅಂದರೇನು ಅಂತ ಮೇಷ್ಟ್ರುಗಳು ಕೇಳಿದರೆ ನಮ್ಮನೆಯಲ್ಲಿ ಮೂಟೆಗಟ್ಟಲೆ ಪಾಠ ಇದೆ. ಹಳೇ ಕಾಲದ ಸೆಟ್ಟು, ಎಲ್‌ಇಡಿ ಬರುವ ಮುಂಚಿನದು, ಒಂದೊಂದು ಪುಟ್ಟ ಬಲ್ಬು 6 ವೋಲ್ಟಿನದು. ಮನೆಯ ಕರೆಂಟು 240 ವೋಲ್ಟು. 40 ಬಲ್ಬನ್ನು ಒಂದರ ಬಾಲಕ್ಕೆ ಒಂದು ಕಟ್ಟಿದರೆ ಲೆಕ್ಕ ಸರಿಹೋಗುತ್ತದೆ. ಮೂವತ್ತೇ ಕಟ್ಟಿದಿರೋ, ಪ್ರತಿಯೊಂದಕ್ಕೂ ಜಾಸ್ತಿ ಏರಿ ಬೇಗ ಸುಟ್ಟುಹೋಗುತ್ತವೆ. ಐವತ್ತು ಕಟ್ಟಿದಿರೋ, ಮಂಕು. ನಲವತ್ತರಲ್ಲಿ ಒಂದು ಸತ್ತರೆ ಸರವೆಲ್ಲ ಸತ್ತ ಹಾಗೆ. ಆಗ ಸತ್ತದ್ದು ಯಾವುದು ಅಂತ ಹುಡುಕಬೇಕು. ಒಂದೊಂದನ್ನೇ ಕಿತ್ತು, ಒಳ್ಳೇ ಬಲ್ಬು ಸಿಕ್ಕಿಸಿ ನೋಡುತ್ತಾ ಹೋಗಬೇಕು. ನಾನು, ಅಕ್ಕ, ಅವ್ವ ರಾತ್ರಿಯೆಲ್ಲ ಈ ಕೆಲಸ ಮಾಡಿದ್ದೀವಿ. ಮದುವೆ ಕಾಲದಲ್ಲಿ ಅಪ್ಪ ಗೋಣಿಚೀಲದಲ್ಲಿ ಕೆಟ್ಟ ಸೆಟ್ಟು ತುಂಬಿಕೊಂಡು ಬರುವನು. ಸರಿ ಮಾಡಿಕೊಟ್ಟರೆ ಸೆಟ್ಟಿಗೆ ಎರಡು ರೂಪಾಯಿ. ನನ್ನ ಎಂಟನೇ ಕ್ಲಾಸಿನ ನೋಟ್‌ಬುಕ್ಕುಗಳು ಆ ದುಡ್ಡಿನವು. ಹತ್ತನೇ ಕ್ಲಾಸಿನಲ್ಲಿ ಸರಣಿ ಜೋಡಣೆ, ಸಮಾಂತರ ಜೋಡಣೆ ಅಂತ ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಬಲ್ಬು ಬರೆದು ಪಾಠ ಮಾಡಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದವನ ಮನೆಯಲ್ಲಿ ನಾಲ್ಕು ಸಾವಿರ ಬಲ್ಬು ಇದ್ದವು. ಯಾರೂ ಕೇಳಲಿಲ್ಲ. ನಮ್ಮ ಐಕ್ಳಿಗೆ ಏನೂ ಗೊತ್ತಿಲ್ಲ ಅಂತ ಹೇಳುವ ಮೇಷ್ಟ್ರುಗಳೇ, ಒಂದು ಸಲ ಕೇಳಿ ನೋಡಿ.

ಇಷ್ಟೆಲ್ಲ ಬಲ್ಬು ಇದ್ದ ಮನೆಗೆ ಒಂದು ಸರ ಕಟ್ಟಿರಲಿಲ್ಲ. ಕಟ್ಟೋಣ ಅಂತ ಯಾರಿಗೂ ಅನ್ನಿಸಿಯೂ ಇರಲಿಲ್ಲ. ಅಕ್ಕನ ಮದುವೆ ನಮ್ಮ ಕಡೆಯ ಪದ್ಧತಿಯ ಹಾಗೆ ಗಂಡಿನ ಊರಿನಲ್ಲಾಯಿತು. ಅದು ಬಿಟ್ಟರೆ ನಮ್ಮ ಮನೆಗೆ ಲೈಟು ಹಾಕುವಂಥ ಕಾರಣ ಏನಿತ್ತು?

ಕರೆಂಟಿನ ಕತೆಯನ್ನ ನಾನು ಕಾಲೇಜಿನ ಲೈಬ್ರರಿಯಲ್ಲಿ ಓದಿದೆ. ನಮ್ಮದು ಕಾವೇರಿ ಬಯಲಿನ ಊರು. 1902ರಲ್ಲಿ ಶಿವನಸಮುದ್ರದಲ್ಲಿ ನದಿಯ ನೀರನ್ನು ಕೊಳವೆಗೆ ಇಳಿಸಿ ಕರೆಂಟು ತೆಗೆದರು. ಇಂಡಿಯಾದೇಶದಲ್ಲಿ ಆ ಕಾಲಕ್ಕೆ ಅದು ದೊಡ್ಡ ಸಾಹಸ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದ ಕೆಲಸ. ಆ ಕರೆಂಟು ಮೊದಲು ಹೋದದ್ದು ಯಾವ ಮನೆಗೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. ಬ್ರಿಟಿಷ್ ಕಂಪನಿಯ ಚಿನ್ನ ಮೇಲೆತ್ತುವ ಯಂತ್ರಗಳಿಗೆ. ಆ ಚಿನ್ನವನ್ನು ನೆಲದ ಹೊಟ್ಟೆಗೆ ಇಳಿದು ಅಗೆದವರಲ್ಲಿ ಬಹಳ ಜನ ತಮಿಳು ಸೀಮೆಯಿಂದ ಬಂದ ನಮ್ಮಂಥವರೇ, ತಟ್ಟಿ ಗುಡಿಸಿಲಿನವರು. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. 1908ಕ್ಕೆ ಮೈಸೂರಿಗೆ ಬಂತು. ಅರಮನೆಗೆ ಈಗ ಸುಮಾರು ಒಂದು ಲಕ್ಷ ಬಲ್ಬು. ದಸರಾ ಬಂದರೆ ನಾವೂ ಬಸ್ಸು ಹತ್ತಿ ನೋಡಿಕೊಂಡು ಬಂದವರೇ. ಚೆನ್ನಾಗಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಸ್ವಿಚ್ಚು ಹಾಕಿದ ಕ್ಷಣ ಅಷ್ಟು ಜನ ಒಟ್ಟಿಗೆ 'ಹಾ' ಅನ್ನುತ್ತಾರೆ, ನಾನೂ ಅಂದಿದ್ದೀನಿ. ಅಪ್ಪ ಮಾತ್ರ 'ಎಷ್ಟು ಜನ ಹತ್ತಿ ಇಳಿದವ್ರೆ ನೋಡು' ಅಂತ ಗೋಡೆಯ ಅಂಚುಗಳನ್ನೇ ನೋಡುತ್ತಿದ್ದ.

ನೀರು ನಮ್ಮದು, ತಂತಿ ನಮ್ಮ ಹೊಲಗದ್ದೆಗಳ ನೆತ್ತಿಯ ಮೇಲೆ ಹೋದದ್ದು. ಊರಿಗೆ ಕರೆಂಟು ಬಂದು ಎಷ್ಟೋ ವರ್ಷ ಕೇರಿಗೆ ಬಂದಿರಲಿಲ್ಲ. ಕಂಬ ಗೌಡರ ಬೀದಿಯ ಕೊನೆಗೆ ಬಂದು ನಿಂತಿತ್ತಂತೆ, ನೆಂಟರ ಮನೆಗೆ ಬಂದವನು ಬಾಗಿಲಲ್ಲಿ ನಿಂತ ಹಾಗೆ. ಆಮೇಲೆ ಭಾಗ್ಯಜ್ಯೋತಿ. ಮನೆಗೊಂದು ಬಲ್ಬು, 40 ವ್ಯಾಟಿನದು. ಸರ್ಕಾರ ಬಡವರ ಮನೆಗೆ ಕೊಟ್ಟ ಒಂದೇ ಒಂದು ಬಲ್ಬು. ಅಪ್ಪ ಆಗ ಮೂರನೇ ಕ್ಲಾಸು. ಬಲ್ಬು ಹತ್ತಿದ ರಾತ್ರಿ ಖುಷಿಯಾಯಿತಾ ಅಂತ ಅಜ್ಜಿಯನ್ನು ಕೇಳಿದರೆ ಅವಳು ಹೇಳುತ್ತಿದ್ದದ್ದು ಬೇರೆಯೇ. 'ಗೋಡೆ ನೋಡ್ದೆ ಕಪ್ಪಾ, ಅಷ್ಟೊಂದು ಕರ್ರಗವೆ ಅಂತ ಗೊತ್ತೇ ಇರ್ನಿಲ್ಲ. ಬುಡ್ಡೀಲಿ ಕಾಣ್ತಿರ್ನಿಲ್ವಲ್ಲ. ನಾಚ್ಕೆ ಆಗೋಯ್ತು.' ಮಾರನೇ ದಿನ ಕೂಲಿಗೆ ಹೋಗದೆ ಸುಣ್ಣ ತಂದು ಬಳಿದಳಂತೆ. ಆ ಬಲ್ಬು ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ಒಂದು ಇಟ್ಟಿಗೆ ಕಿತ್ತು, ಆ ಕಿಂಡಿಯಲ್ಲಿ ನೇತುಬಿಟ್ಟಿದ್ದರು. ಒಂದು ಬಲ್ಬಿಗೆ ಎರಡು ಕೋಣೆ. ನಾನು ಅಆಇಈ ಕಲಿತದ್ದು ಆ ಕಿಂಡಿಯ ಕೆಳಗೆ.

ಹಬ್ಬದ ವಿಚಾರಕ್ಕೆ ಬರುತ್ತೇನೆ. ನಮ್ಮ ಗೆಳೆಯರಲ್ಲಿ ಈ ಬಗ್ಗೆ ಬಿಸಿ ಬಿಸಿ ವಾದ ಇದೆ. ದೀಪಾವಳಿ ನಮ್ಮದಲ್ಲ, ಅಸುರರನ್ನು ಕೊಂದ ಹಬ್ಬ, ನರಕಾಸುರ ಯಾರು, ಬಲಿ ಯಾರು, ಸತ್ತವರು ನಮ್ಮವರು, ಅದಕ್ಕೆ ನಾವು ದೀಪ ಹಚ್ಚುವುದೇ ಅಂತ. ವಾದ ಸುಳ್ಳಲ್ಲ. ಜ್ಯೋತಿಬಾ ಫುಲೆಯವರು 1873ರ 'ಗುಲಾಮಗಿರಿ'ಯಲ್ಲಿ ಬಲಿಯನ್ನು ಈ ನೆಲದ ರೈತರ ರಾಜ ಅಂತಲೂ, ವಾಮನನನ್ನು ಮೋಸದಿಂದ ನೆಲ ಕಿತ್ತುಕೊಂಡವನು ಅಂತಲೂ ಓದಿ ತೋರಿಸಿದರು. ಮೂರು ಹೆಜ್ಜೆ ಜಾಗ ಕೇಳಿ ಮೂರು ಲೋಕ ತೆಗೆದುಕೊಂಡ ಕತೆ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಪಹಣಿ ನೋಡಿದರೆ ಸಾಕು.

ಆದರೆ ನಮ್ಮವ್ವ ಬಲಿಪಾಡ್ಯಮಿ ದಿನ ಹರಳೆಣ್ಣೆ ಹಾಕಿ ನಾಲ್ಕು ಹಣತೆ ಹಚ್ಚುತ್ತಾಳೆ. ಹೊಸಲಿಗೆ ಎರಡು, ತಿಪ್ಪೆಗೆ ಒಂದು, ಮೇಕೆ ಕಟ್ಟುವ ಗೂಟದ ಹತ್ತಿರ ಒಂದು. ಯಾಕವ್ವ ಅಂದರೆ, 'ಬಲಿರಾಯ ಒಂದಿವ್ಸ ಬತ್ತಾನಂತೆ ಕಣ್ ಮಗ, ಕತ್ಲಲ್ಲಿ ಎಡವಬಾರ್ದು' ಅನ್ನುತ್ತಾಳೆ. ಅವಳು ಫುಲೆ ಓದಿಲ್ಲ. ಯಾವ ಪುಸ್ತಕವನ್ನೂ ಓದಿಲ್ಲ. ಯಾರು ಕೊಂದರು ಅನ್ನೋದು ಅವಳ ಹಬ್ಬದಲ್ಲಿ ಇಲ್ಲವೇ ಇಲ್ಲ, ಯಾರು ಬರುತ್ತಾರೆ ಅನ್ನೋದು ಮಾತ್ರ ಇದೆ. ತಿಪ್ಪೆಗೆ ದೀಪ ಇಡುವ ಹಬ್ಬವನ್ನು ಯಾವ ಪುರೋಹಿತ ಹೇಳಿಕೊಟ್ಟ? ನಗರದ ಸಭೆಗಳಲ್ಲಿ ಮೈಕು ಹಿಡಿದು ಅವ್ವಂದಿರ ಹಣತೆಯನ್ನು ಗೇಲಿ ಮಾಡುವವರ ಜೊತೆ ನನಗೆ ಜಗಳ ಇದೆ. ಆ ಜಗಳ ಇನ್ನೊಂದು ದಿನ ಆಡೋಣ.

ಕೇರಿಯಲ್ಲಿ ಏಪ್ರಿಲ್ 14ಕ್ಕೆ ಲೈಟು ಹಾಕುತ್ತಿರಲಿಲ್ಲ ಅಂತಲ್ಲ. ಕೇರಿಯ ಬಾಯಿಯಲ್ಲಿ ಬಾಬಾಸಾಹೇಬರ ಬೋರ್ಡು ಇದೆ. ಅದಕ್ಕೆ ವರ್ಷಾವರ್ಷ ಹೂವಿನ ಹಾರ, ಒಂದು ಟ್ಯೂಬ್‌ಲೈಟು, ಎರಡು ಸರ. ಪುಣೆಯಲ್ಲಿ 1928ರಲ್ಲಿ ಮೊದಲು ಬಹಿರಂಗವಾಗಿ ಈ ಹುಟ್ಟುಹಬ್ಬ ಮಾಡಿದರು ಅಂತ ಓದಿದ್ದೇನೆ, ಬಾಬಾಸಾಹೇಬರು ಬದುಕಿದ್ದಾಗಲೇ. ನಮ್ಮ ಊರಿಗೆ ಬರಲು ಬಹಳ ವರ್ಷ ಹಿಡಿಯಿತು. ಬೋರ್ಡಿನ ಲೈಟನ್ನು ಊರು ಹೇಗೋ ಸಹಿಸಿಕೊಂಡಿತು. ಅದಕ್ಕೆ ಪಂಚಾಯ್ತಿ ಇದೆ, ಪೊಲೀಸು ಇದೆ, ಶಾಂತಿಸಭೆ ಇದೆ, ಒಂದು ಗಂಟೆಗೆ ಮುಗಿಯುತ್ತದೆ.

2023ರಲ್ಲಿ ನಾವು ಹುಡುಗರು ಸೇರಿ ಬೋರ್ಡಿಗೆ ಮಾತ್ರ ಯಾಕೆ, ಮನೆ ಮನೆಗೂ ಕಟ್ಟೋಣ ಅಂದೆವು. ಹಿರಿಯರು ಒಪ್ಪಲಿಲ್ಲ. 'ಮನೆಗ್ಯಾಕ್ಲಾ? ಮದ್ವೆಯಾ?' ನಾನು ಹೇಳಿದ್ದು ಇಷ್ಟೇ. ಬಾಬಾಸಾಹೇಬರು ಮುಂಬಯಿಯ ಪರೇಲಿನಲ್ಲಿ ಒಂದೇ ಕೋಣೆಯ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಇಟ್ಟುಕೊಂಡು ಓದಿದವರು. ಅದೇ ಮನುಷ್ಯ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಈ ದೇಶದ ವಿದ್ಯುತ್ತಿನ ನೀತಿ ಅವರ ಇಲಾಖೆಯಲ್ಲಿತ್ತು. ದಾಮೋದರ ಕಣಿವೆಯ ಯೋಜನೆ ಅವರ ಕೈಯಲ್ಲಿ ರೂಪುಗೊಂಡಿತು. ದೇಶಕ್ಕೆಲ್ಲ ಕರೆಂಟು ಹೇಗೆ ಒದಗಿಸಬೇಕು ಅಂತ ನೋಡಲು 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಆದದ್ದು ಅವರ ಕಾಲದಲ್ಲೇ. ಸಂವಿಧಾನ ಬರೆದರು ಅಂತ ಎಲ್ಲರೂ ಹೇಳುತ್ತಾರೆ. ಕರೆಂಟಿನ ಲೆಕ್ಕವನ್ನೂ ಹಾಕಿದ್ದರು ಅಂತ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಅಪ್ಪನಿಗೆ ಇದನ್ನು ಹೇಳಿದಾಗ ಅವನು ಊಟದ ತಟ್ಟೆ ಬಿಟ್ಟು ತಲೆ ಎತ್ತಿದ. 'ಅವ್ರಿಗೆ ಕರೆಂಟಿನ ಕೆಲ್ಸಾನೂ ಗೊತ್ತಿತ್ತಾ?' ಅಂದ. ಗೊತ್ತಿತ್ತು ಅಪ್ಪ ಅಂದೆ. ಮಾರನೇ ದಿನ ಅಂಗಡಿಯಿಂದ ಬಿಸಾಕಿದ್ದ ಹಳೇ ಸೆಟ್ಟುಗಳ ಚೀಲ ಹೊತ್ತುಕೊಂಡು ಬಂದ. ಗುಜರಿ ಬೆಲೆಗೆ ಕೊಂಡದ್ದು.

ಒಂದು ವಾರ ಸತ್ತ ಬಲ್ಬು ಹುಡುಕಿದೆವು. ಹುಡುಗರಿಗೆ ಎಲ್ಲಾ ನೀಲಿ ಬೇಕು. ಇದ್ದದ್ದು ಕೆಂಪು, ಹಸಿರು, ಹಳದಿ, ನೀಲಿ ಕಲಬೆರಕೆ. ನೀಲಿ ಜಿಲೇಟಿನ್ ಪೇಪರ್ ತಂದು ಬಲ್ಬಿಗೆ ಸುತ್ತಿದರು. ಹಳೇ ಬಲ್ಬು ಬಿಸಿಯಾಗುತ್ತದೆ, ಪೇಪರು ಮುದುರಿ ವಾಸನೆ ಬಂತು. ಅಪ್ಪ ಎಲ್ಲಾ ಕೀಳಿಸಿದ. 'ಎಲ್ಲಾ ಬಣ್ಣಾನೂ ಇರ್ಲಿ ಬುಡ್ರೋ. ಕೆಂಪು, ಹಸ್ರು ಏನು ಅವ್ರಿಗೆ ಬರ್ಕೊಟ್ಟಿದ್ದದಾ?'

ನಮ್ಮ ಮನೆ ಕೇರಿಯ ತುದಿಯಲ್ಲಿದೆ, ಊರಿನವರು ಗದ್ದೆಗೆ ಹೋಗುವ ರಸ್ತೆಗೆ ಮುಖ ಮಾಡಿಕೊಂಡಿದೆ. ಏಪ್ರಿಲ್ 14 ಶುಕ್ರವಾರ. ಅಪ್ಪ ರಜ ಹಾಕಿ ಬೆಳಗ್ಗೆಯಿಂದ ಕಟ್ಟಿದ. ಬೇರೆಯವರ ಮನೆಗೆ ಎರಡು ಗಂಟೆಯಲ್ಲಿ ಮುಗಿಸುವವನು, ನಮ್ಮ ಎರಡಂಕಣದ ಶೀಟಿನ ಮನೆಗೆ ಸಂಜೆಯ ತನಕ ಕಟ್ಟಿದ. ಸೂರಿನ ಉದ್ದಕ್ಕೂ ಗೇಣಿಗೊಂದು ಮೊಳೆ. ಸರ ಒಂದು ಕಡೆ ಜಾಸ್ತಿ ಜೋತರೆ ಬಿಚ್ಚಿ ಮತ್ತೆ ಕಟ್ಟುವುದು. ದೂರ ಹೋಗಿ ರಸ್ತೆಯಲ್ಲಿ ನಿಂತು ನೋಡುವುದು, ಮತ್ತೆ ಬಂದು ಎಳೆಯುವುದು. ಅವ್ವ 'ಸಾಕು ಬನ್ನಿ, ಯಾರು ನೋಡ್ತಾರೆ' ಅಂದರೆ, 'ನೋಡ್ತಾರೆ' ಅಂದ. ಎಂಟು ಸೆಟ್ಟು. ಬಾಗಿಲಿನ ಮೇಲೆ ಅರ್ಧಚಂದ್ರದ ಹಾಗೆ ಬಗ್ಗಿಸಿದ್ದು ಒಂದು, ನುಗ್ಗೆಮರಕ್ಕೆ ಒಂದು.

ಆರೂಮುಕ್ಕಾಲಿಗೆ ಹತ್ತಿಸಿದ. ಹೇಗಿತ್ತು ಅಂತ ವರ್ಣನೆ ಮಾಡುವುದಿಲ್ಲ. ಅವ್ವ ಸೆರಗು ಸರಿಮಾಡಿಕೊಂಡಳು, ಯಾರೋ ಬಂದ ಹಾಗೆ.

ಬಂದರು ಕೂಡ. ಗದ್ದೆಯಿಂದ ವಾಪಸ್ಸು ಬರುತ್ತಿದ್ದ ಊರಿನ ಇಬ್ಬರು ಯಜಮಾನರು ಬೈಕು ನಿಲ್ಲಿಸಿದರು.

'ಏನ್ಲಾ, ಮದ್ವೆನಾ?'

'ಇಲ್ಲ ಬುದ್ದಿ, ಹುಟ್ಟಿದಬ್ಬ.'

'ಯಾರ್ದು?'

'ನಮ್ಮಪ್ಪಂದು.'

ಅವರು ಬೋರ್ಡಿನ ಕಡೆ ತಿರುಗಿ ನೋಡಿ, 'ಎಲೆಕ್ಷನ್ ಟೈಮು, ನೀತಿ ಸಂಹಿತೆ ಅದೆ. ಉಸಾರು' ಅಂದು ಹೋದರು. ಅಪ್ಪ ಇನ್ನೂ 'ಬುದ್ದಿ' ಅನ್ನುತ್ತಾನೆ. ಎಷ್ಟು ಹೇಳಿದರೂ ಆ ಮಾತು ಅವನ ಬಾಯಿಂದ ಹೋಗಿಲ್ಲ. ಅದೇ ಬಾಯಿಂದ 'ನಮ್ಮಪ್ಪಂದು' ಅಂತಲೂ ಬಂತು. ನನ್ನ ಹಾಗೆ ಪುಸ್ತಕ ಓದಿ ಬಂದದ್ದಲ್ಲ ಅದು. ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಅದೇ ವಾರ ಊರಿನ ಮದುವೆ ಮನೆಯೊಂದರ ಕಮಾನಿಗೆ ಅಡ್ಡ ಬಂದಿರಲಿಲ್ಲ. ಆ ಕಮಾನು ಕಟ್ಟಿದ್ದೂ ಅಪ್ಪನೇ.

ಎಂಟೂವರೆಗೆ ಕೇರಿಗೆ ಕರೆಂಟು ಹೋಯಿತು. ಊರಿನ ಬೀದಿಯಲ್ಲಿ ಇತ್ತು.

ಅಪ್ಪ ಟಾರ್ಚು ತೆಗೆದುಕೊಂಡು ಟೀಸಿ ಹತ್ತಿರ ಹೋಗಿ, ಬೇಲಿಯಾಚೆಯಿಂದ ಪೆಟ್ಟಿಗೆಗೆ ಬೆಳಕು ಬಿಟ್ಟು ನೋಡಿ ಬಂದ. ನಮ್ಮ ಫೇಸಿನ ಫ್ಯೂಸೇ ಇರಲಿಲ್ಲ. ಸುಟ್ಟಿದ್ದರೆ ಹಿಡಿ ಅಲ್ಲೇ ಇರುತ್ತದೆ, ಕರಿ ಕಲೆ ಇರುತ್ತದೆ, ವಾಸನೆ ಇರುತ್ತದೆ. ಇದನ್ನು ಹಿಡಿಸಮೇತ ಕಿತ್ತಿದ್ದರು. ಹುಡುಗರು ಕುದಿಯುತ್ತಿದ್ದರು. 'ನೀನೇ ಹಾಕು ಚಿಕ್ಕಪ್ಪ, ಎರಡು ನಿಮಿಷದ ಕೆಲಸ' ಅಂದರು. ನಿಜಕ್ಕೂ ಎರಡು ನಿಮಿಷದ್ದೇ. ಊರಿನ ಜಾತ್ರೆಗೆ ಯಜಮಾನರು ಹೇಳಿದರು ಅಂತ ಬಿದಿರಿಗೆ ಕೊಕ್ಕೆ ಕಟ್ಟಿ ಮೇನ್ ಲೈನಿನಿಂದಲೇ ಕರೆಂಟು ಎಳೆದುಕೊಟ್ಟವನು ಅವನು. ಆವತ್ತು ಅದು ದೇವರ ಕೆಲಸ. ಈಗ ಟೀಸಿಗೆ ಕೈಯಿಟ್ಟರೆ ಕರೆಂಟು ಕಳ್ಳತನ. ಅಪ್ಪ ಕದಲಲಿಲ್ಲ. 'ಅವ್ರಿಗೆ ಅದೇ ಬೇಕಾಗಿರೋದು. ನಾ ಮುಟ್ಟಾಕಿಲ್ಲ. ಫೋನ್ ಮಾಡು ಮಗ' ಅಂದ.

1912ಕ್ಕೆ ಫೋನು ಮಾಡಿದೆ. ದೂರು ಬರೆದುಕೊಂಡು ನಂಬರು ಕೊಟ್ಟರು. ಕತ್ತಲಲ್ಲಿ ಕೂತೆವು. ಅವ್ವ ಅಟ್ಟದಿಂದ ದೀಪಾವಳಿಯ ಹಣತೆ ಇಳಿಸಿ ಹೊಸಲಿಗೆ ಹಚ್ಚಿಟ್ಟಳು. ಆಚೀಚೆ ಮೂರ್ನಾಲ್ಕು ಮನೆಯವರೂ ಹಚ್ಚಿದರು. ಅಪ್ಪನಿಗೆ ಅದು ಹಿಡಿಸಲಿಲ್ಲ. 'ವೈರಿಗೆ ತಗುಲ್ತದೆ ಕಣಮ್ಮಿ, ಆ ಕಡೆ ಮಡಗು' ಅಂತ ಬೈದ. ನಾನು ಹಬ್ಬ ಯಾರದು ಅಂತ ಅಷ್ಟು ದಿನ ಮಾಡಿದ್ದ ವಾದವೆಲ್ಲ ಆ ಹೊತ್ತಿನಲ್ಲಿ ನೆನಪಿಗೆ ಬಂತು. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಹತ್ತೂಮುಕ್ಕಾಲಿಗೆ ಲೈನ್‌ಮನ್ ಬಂದರು. ಫ್ಯೂಸು ಹಾಕಿದರು. 'ಓವರ್‌ಲೋಡ್ ಆಗದೆ' ಅಂದರು. ಅಪ್ಪ ಮೆಲ್ಲಗೆ, 'ಸುಟ್ಟಿರೋ ಫ್ಯೂಸ್ ಎಲ್ಲಿ ಅಣ್ಣ?' ಅಂತ ಕೇಳಿದ. ಉತ್ತರ ಬರಲಿಲ್ಲ. ಅವರೂ ಗುತ್ತಿಗೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಓವರ್‌ಲೋಡಿನ ಲೆಕ್ಕ ಹಾಕೋಣ. ಒಂದು ಹಳೇ ಸೆಟ್ಟು ಅಪ್ಪನ ಲೆಕ್ಕದಲ್ಲಿ 25 ವ್ಯಾಟು. ನಮ್ಮ ಮನೆಯ ಎಂಟು ಸೆಟ್ಟು 200 ವ್ಯಾಟು. ಆ ರಾತ್ರಿ ಕೇರಿಯ ಹದಿನೇಳು ಮನೆಗೆ ಒಟ್ಟು ನಲವತ್ತು ಸೆಟ್ಟು. 1000 ವ್ಯಾಟು. ಒಂದು ಇಸ್ತ್ರಿಪೆಟ್ಟಿಗೆ ತಿನ್ನುವಷ್ಟು. ಅದೇ ಟೀಸಿಯಲ್ಲಿ ಊರಿನ ಹಿಟ್ಟಿನ ಗಿರಣಿ ಇದೆ, 10 ಎಚ್‌ಪಿ ಮೋಟಾರು, ಏಳೂವರೆ ಸಾವಿರ ವ್ಯಾಟು. ದಿನಾ ತಿರುಗುತ್ತದೆ. ಆ ಟೀಸಿಗೆ ಭಾರವಾದದ್ದು ವ್ಯಾಟಲ್ಲ.

ಯೋಚನೆ ಮಾಡಿದರೆ ನನಗೆ ಕಾಣುವುದು ಇದು. ನಾವು ಬೋರ್ಡಿನ ಮುಂದೆ ಕೂಗಿದರೆ ಊರಿಗೆ ಅದು ರಾಜಕೀಯ, ಅದಕ್ಕೆ ಅವರ ಹತ್ತಿರ ಮದ್ದಿದೆ. ನಾವು ಸತ್ತಾಗ ಲೈಟು ಹಾಕಿದರೆ ಅಭ್ಯಂತರ ಇಲ್ಲ. ಅವರ ಮನೆಗೆ ನಾವು ಲೈಟು ಕಟ್ಟಿದರೆ ಸಂತೋಷ. ಕೇರಿಯವನೊಬ್ಬ ಯಾರ ಅಪ್ಪಣೆಯೂ ಇಲ್ಲದೆ ತನ್ನ ಸ್ವಂತ ಸೂರಿನ ಕೆಳಗೆ ಸುಮ್ಮನೆ ಖುಷಿಯಾಗಿದ್ದಾನೆ ಅನ್ನೋದು ಕಣ್ಣಿಗೆ ಕಾಣಿಸಿದಾಗ ಮಾತ್ರ ಕೈ ಫ್ಯೂಸಿಗೆ ಹೋಗುತ್ತದೆ. ಮೀಸೆ ಬಿಟ್ಟರೆ, ಕುದುರೆ ಮೇಲೆ ಮೆರವಣಿಗೆ ಹೋದರೆ ಹೊಡೆದರು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದೇ ರೋಗ.

ಆಮೇಲಿನ ಹತ್ತು ದಿನ ಕೇರಿಯ ಹೆಂಗಸರನ್ನು ಕಳೆ ಕೀಳೋಕೆ ಯಾರೂ ಕರೆಯಲಿಲ್ಲ. ಯಾರೂ ಬಾಯಿಬಿಟ್ಟು ಬಹಿಷ್ಕಾರ ಅನ್ನಲಿಲ್ಲ. 'ಈ ವಾರ ಕೆಲ್ಸ ಇಲ್ಲ ಕನವ್ವ' ಅಂದರು, ಅಷ್ಟೇ. ಕಬ್ಬಿನ ಗದ್ದೆಯಲ್ಲಿ ಕಳೆ ಮೊಣಕಾಲುದ್ದ ನಿಂತಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ಹಾಕಬೇಕು ಅಂತ ಹುಡುಗರು. ಕಿತ್ತವನನ್ನು ನೋಡಿದವರು ಯಾರು, ಸಾಕ್ಷಿ ಯಾರು, ಕೂಲಿ ಯಾರು ಕೊಡುತ್ತಾರೆ ಅಂತ ಹಿರಿಯರು. ಮೂರು ರಾತ್ರಿ ಮಾತಾಯಿತು. ಕೊನೆಗೆ ವಿದ್ಯುತ್ ಕಚೇರಿಗೂ ತಹಸೀಲ್ದಾರರಿಗೂ ಅರ್ಜಿ ಕೊಡೋದು ಅಂತಾಯಿತು. ಬರೆಯುವವನು ನಾನು. ಕೇರಿಯ ಮೊದಲ ಡಿಗ್ರಿ. ಕವಿತೆ ಬರೆಯುವಾಗ ಕೈ ನಡುಗಿದ್ದಿಲ್ಲ, 'ಮಾನ್ಯರೇ' ಅಂತ ಬರೆಯುವಾಗ ನಡುಗಿತು. ಅರ್ಜಿಯಲ್ಲಿ ವ್ಯಾಟಿನ ಲೆಕ್ಕ ಹಾಕಿದೆ, ಗಿರಣಿಯ ಎಚ್‌ಪಿ ಹಾಕಿದೆ, ದೂರಿನ ನಂಬರು ಹಾಕಿದೆ. ಇಪ್ಪತ್ತೆರಡು ಸಹಿ, ಮೂವತ್ತೊಂದು ಹೆಬ್ಬೆಟ್ಟು. ಅಪ್ಪ ಸಹಿ ಹಾಕಿದ ಮೇಲೆ ಪಕ್ಕದಲ್ಲಿ ಸಣ್ಣದಾಗಿ 'ಲೈಟಿಂಗ್ಸ್ ಕೆಲಸ' ಅಂತ ಬರೆದ.

ತಿಂಗಳು ಕಳೆದು ಒಬ್ಬ ಅಧಿಕಾರಿ ಬಂದು ನೋಡಿ, ಟೀಸಿ ಪೆಟ್ಟಿಗೆಗೆ ಬೀಗ ಹಾಕಿಸಿದರು. ಅಷ್ಟಾಯಿತು. ಯಾರು ಕಿತ್ತರು ಅನ್ನೋದನ್ನ ಯಾರೂ ಕೇಳಲಿಲ್ಲ, ಬರೆಯಲಿಲ್ಲ. ಅದೇ ಮೇ ಕೊನೆಯಲ್ಲಿ, ಬೈಕು ನಿಲ್ಲಿಸಿದ್ದ ಯಜಮಾನರ ಮನೆಯಲ್ಲಿ ಮದುವೆ. ಅಂಗಡಿಗೆ ಆರ್ಡರು ಬಂತು. ಹೋಗಬೇಡ ಅಪ್ಪ ಅಂದೆ. 'ಕೂಲಿ ನಿಂದಾ ನಂದಾ?' ಅಂತ ಹೋದ. ಆದರೆ ಮೊದಲು ಊರಿನವರಿಗೆ ಅಂತ ಒಂದು ದಿನದ ಕೂಲಿ ಬಿಟ್ಟುಕೊಡುತ್ತಿದ್ದನು, ಆ ಸಲ ಬಿಡಲಿಲ್ಲ. ಪೇಟೆಯ ರೇಟು ತೆಗೆದುಕೊಂಡ. ಊಟಕ್ಕೆ ಎಲೆ ಹಿತ್ತಲಲ್ಲಿ ಹಾಕಿದ್ದರಂತೆ, ಮನೆಯಿಂದ ಬುತ್ತಿ ತಂದಿದ್ದೀನಿ ಅಂದನಂತೆ. ತಂದಿರಲಿಲ್ಲ. ಸಂಜೆ ಹಸಿದು ಬಂದ.

2023ರ ಜುಲೈನಿಂದ ಗೃಹಜ್ಯೋತಿ ಬಂತು, ಇನ್ನೂರು ಯೂನಿಟ್ಟಿನ ತನಕ ಬಿಲ್ಲಿಲ್ಲ. ಅದಾದ ಮೇಲೆ 'ಕರೆಂಟು ದಂಡ' ಅನ್ನುವ ಮಾತು ಕೇರಿಯ ಹಿರಿಯರ ಬಾಯಲ್ಲೂ ನಿಂತಿತು. 2024ರಲ್ಲಿ ಮನೆಗೆ ಐವತ್ತು ರೂಪಾಯಿ ಎತ್ತಿ ಎಲ್‌ಇಡಿ ಸೆಟ್ಟು ತಂದೆವು. ಹತ್ತು ವ್ಯಾಟಿನೊಳಗೆ ಮುಗಿಯುತ್ತದೆ, ಬಿಸಿಯಾಗುವುದಿಲ್ಲ, ಹುಡುಗರ ಆಸೆಯ ನೀಲಿಯೇ ಸಿಕ್ಕಿತು. ಅಪ್ಪನಿಗೆ ಮಾತ್ರ ಅವು ಅಷ್ಟಕ್ಕಷ್ಟೆ. ಕೆಟ್ಟರೆ ಬಿಚ್ಚಿ ರಿಪೇರಿ ಮಾಡೋ ಹಾಗಿಲ್ಲ, ಎಸೆಯಬೇಕು, ಇದೆಂಥಾ ಲೈಟು ಅನ್ನುತ್ತಾನೆ. ಸೆಟ್ಟುಗಳೆಲ್ಲ ನಮ್ಮ ಮನೆಯ ಅಟ್ಟದಲ್ಲಿ ಅಕ್ಕಿಚೀಲದಲ್ಲಿ ಇರುತ್ತವೆ. ಏಪ್ರಿಲ್ ಮೊದಲ ವಾರ ಅವನು ಒಂದೊಂದನ್ನೇ ಹಚ್ಚಿ ನೋಡಿ, ಕೆಟ್ಟದ್ದನ್ನು ಬೇರೆ ಇಟ್ಟು, ಮನೆಗಿಷ್ಟು ಅಂತ ಎಣಿಸಿ ಕೊಡುತ್ತಾನೆ. ಹಳೇ ಬಣ್ಣದ ಎಂಟು ಸೆಟ್ಟು ಮಾತ್ರ ಯಾರಿಗೂ ಕೊಡುವುದಿಲ್ಲ, ಅವು ನಮ್ಮ ಸೂರಿಗೆ.

2025ರ ದೀಪಾವಳಿಗೆ ಅವ್ವ ಆ ಎಂಟರಲ್ಲಿ ಎರಡು ಕೇಳಿದಳು. ಕೊಡಲ್ಲ ಅಂದ. ಅದು ಏಪ್ರಿಲ್ಲಿಗೆ, ಬಲ್ಬು ಸವೆದುಹೋಗುತ್ತವೆ, ಈಗ ಆ ಬಲ್ಬು ಅಂಗಡಿಯಲ್ಲಿ ಸಿಗುವುದಿಲ್ಲ ಅಂದ. ಅವ್ವ ಬಿಡಲಿಲ್ಲ. 'ಸತ್ತ ಬಲ್ಬು ಹುಡುಕ್ದೋಳು ನಾನು. ನಿನ್ ಪಾಲು ಎಷ್ಟು, ನನ್ ಪಾಲು ಎಷ್ಟು, ಇಲ್ಲೇ ಹೇಳು' ಅಂತ ಏಣಿ ಹಿಡಿದು ನಿಂತಳು. ಅಪ್ಪ ನನ್ನ ಮುಖ ನೋಡಿದ. ನಾನು ಪುಸ್ತಕ ನೋಡಿದೆ. ಒಂದು ಸೆಟ್ಟು ಸಿಕ್ಕಿತು. ತಿಪ್ಪೆಯ ತನಕ ವೈರು ಸಾಲಲಿಲ್ಲ, ಅಲ್ಲಿಗೆ ಹಣತೆಯನ್ನೇ ಇಟ್ಟಳು.